ಹಸನು ಮಾಡದ ಜೋಳ

“ಆ ಕೆಂಪು ಜ್ವಾಳ ಆಕಿ ಉಡ್ಯಾಗ ಹಾಕಿದ್ರ ನೋಡ್ರಿ!” ಅಣವೀರಪ್ಪ ಪಕ್ಕದ ಖೋಲಿಯ ಮಲ್ಲವ್ವನ ಕೈಯೊಳಗಿನ ಮೊರ ಕಸಿದ. ರೇಷನ್ ಜೋಳ ಖೋಲಿಯ ತುಂಬ ಚೆಲ್ಲಿತು.

ಅವನ ಹೆಂಡತಿ ಸುಂದ್ರವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಸಿರು ಸೀರೆ, ಹಣೆ ತುಂಬ ವಿಭೂತಿ, ನಡುವೆ ಕುಂಕುಮ. ಮುತ್ತೈದೆಯಾಗಿ ಹೋದವಳನ್ನು ಉಡಿ ತುಂಬದೆ ಹೊರಗೆ ಒಯ್ಯುವಂತಿಲ್ಲ.

“ಪರದೇಶದಿಂದ ಹಡಗದಾಗ ಬಂದ್ರೂ ಜ್ವಾಳ ಜ್ವಾಳನ ಅಲ್ಲೇನೊ?” ಚಾಳಿನ ಹಿರಿಯ ಶಂಕ್ರೆಪ್ಪ ಗದರಿದ. “ಕುಣಿ ತೋಡಿ ಆಗೇದ. ಹೊತ್ತು ಮುಣಗೂದ್ರಾಗ ಮುಗಿಸಬೇಕು.”

“ಆಕಿ ಹೊಲದ ಜ್ವಾಳ ಬರ್ತದ. ಸಾಹೇಬ್ರಿಗೆ ಹೇಳಿ ಕಳಿಸೀನಿ.”

“ಒಂದು ತೆನಿ ಮುಟ್ಟಗೊಡದ ಸಾಹೇಬ, ಚೀಲ ತುಂಬಿ ಕೊಡ್ತಾನೇನು?” ಮಲ್ಲವ್ವ ಚೆಲ್ಲಿದ ಕಾಳು ಬಳಿಯುತ್ತ ಅಂದಳು.

ಅಣವೀರಪ್ಪ ಬಾಗಿಲು ಬಿಟ್ಟು ಕದಲಲಿಲ್ಲ. ಜ್ವರದಲ್ಲಿ ಅವಳು ಬೇಡಿದ್ದು ಅದೊಂದೇ, ಉಡಿಗೆ ತನ್ನ ಹೊಲದ ಜೋಳ. ವಿಜಾಪುರದ ಕಡೆ ಅವರಿಗೆ ಅಂಗೈಯಗಲ ಹೊಲವಿರಲಿಲ್ಲ. ತನ್ನ ಹೊಲ ಎಂದು ಅವಳು ಹೇಳುತ್ತಿದ್ದದ್ದು ಘಾಟ್ಕೋಪರಿನಾಚೆ, ಗುಡ್ಡದ ಬುಡದಲ್ಲಿ ತಂತಿಬೇಲಿ ಹಾಕಿದ ಬೀಜ ಪರೀಕ್ಷೆಯ ಹೊಲವನ್ನು. ಅಲ್ಲಿ ಅವಳು ದಿನಗೂಲಿಯವಳು.

*

ಅರವತ್ತೆಂಟನೆಯ ಇಸವಿಯಲ್ಲಿ ಅವಳು ಹೊಸದಾಗಿ ಸೇರಿದ್ದಳು. ಆ ಹೊಲದ ಅಧಿಕಾರಿ ಪಡಿಯಾರ ಸಾಹೇಬರು ಎತ್ತರದ ಜೋಳಕ್ಕೆ ಕುಳ್ಳ ಜೋಳದ ಪರಾಗ ಕೂಡಿಸಿ, ಅವುಗಳ ಮೊಮ್ಮಕ್ಕಳಾದ ಬೀಜಗಳನ್ನು ಬಿತ್ತಿಸಿದ್ದರು. ಸಾಲಿನಲ್ಲಿ ಗಿಡ್ಡ, ಬಡಕಲು ಗಿಡಗಳನ್ನು ಕಂಡು ಸುಂದ್ರವ್ವನಿಗೆ ತಡೆಯಲಿಲ್ಲ. ಮಂದಿಯ ಹೊಲದಲ್ಲಿ ಕಸ ತೆಗೆದು ಬೆಳೆದ ಕೈ. ಅವನ್ನೆಲ್ಲ ಕಿತ್ತು ಬದುವಿಗೊಗೆದು, ಶಾಬಾಸ್ ಅನ್ನಲಿ ಎಂದು ಕಾದು ನಿಂತಳು.

ಪಡಿಯಾರರು ಬದುವಿನ ಮೇಲೆ ಕುಸಿದು ಕುಳಿತರು. “ಎಂಥ ಕೆಲಸ ಮಾಡಿದೆ ಮಾರಾಯ್ತಿ!”

“ಜೀವ ಇಲ್ಲದವ್ರೀ ಅವು. ಚಲೋವು ಉಳಿಸೀನಲ್ರೀ.”

“ಒಳ್ಳೇದು ಮಾತ್ರ ಯಾರಿಗೆ ಬೇಕು? ನನಗೆ ಎಲ್ಲ ಬೇಕು!” ಕೂಗಾಡಿದರು. ಸಿಟ್ಟು ಇಳಿದ ಮೇಲೆ ಕೇಳಿದರು: “ಲೋಕಲ್ ರೈಲಿನಲ್ಲಿ ಬರ್ತೀಯಲ್ಲ, ದಿನಾ ಒಟ್ಟಿಗೆ ಇಳಿಯುವವರು ಯಾರು?”

“ಒಂದ ಚಾಳಿನವ್ರು.”

“ಇದೂ ಹಾಗೆಯೇ. ಕುಳ್ಳತನದ ಜೊತೆ ಯಾವ ಬಣ್ಣದ ಕಾಳು ಇಳಿಯುತ್ತದೆ, ಯಾವುದು ಬೇಗ ತೆನೆ ಬಿಡುತ್ತದೆ, ಎಲ್ಲ ಎಣಿಸಬೇಕು. ಆಗ ಬೀಜದೊಳಗೆ ಯಾವ ಗುಣದ ಮನೆ ಯಾವುದರ ಪಕ್ಕ ಅಂತ ನಕಾಶೆ ಬರೆಯಬಹುದು. ನೀನು ಅರ್ಧ ಚಾಳನ್ನೇ ಖಾಲಿ ಮಾಡಿದೆ.”

ಆ ವರ್ಷದ ಕೆಲಸ ಮಣ್ಣುಪಾಲಾಯಿತು. ಅವಳನ್ನು ಮಾತ್ರ ಅವರು ಕೂಲಿಯಿಂದ ಬಿಡಿಸಲಿಲ್ಲ. ಮುಂದೆ ಪ್ರತಿ ವರ್ಷ ಅವಳು ಬೆಳಿಗ್ಗೆ ಮೊದಲು ಹೋಗಿ ನೋಡುತ್ತಿದ್ದದ್ದು ಬಡಕಲು ಗಿಡಗಳನ್ನು. ಬೇರೆ ಗಿಡದ ಪರಾಗ ತಾಗದಂತೆ ಬೆರಳುದ್ದದ ತೆನೆಗೂ ಕಾಗದದ ಚೀಲ ಕಟ್ಟುತ್ತಿದ್ದಳು.

ಸಂಜೆ ಖೋಲಿಯಲ್ಲಿ ರೊಟ್ಟಿ ಬಡಿಯುತ್ತ ಗಂಡನನ್ನು ಕಿಚಾಯಿಸುತ್ತಿದ್ದಳು: “ನಮ್ಮ ಹೊಲದಾಗ ನಿಮ್ಮಂಥ ಕುಳ್ಳರನ್ನೂ ಎಣಸ್ತಾರ್ರಿ. ಒಂದಿನ ಬಂದು ಸಾಲಿನಾಗ ನಿಂದರ್ರಿ.”

ಅಣವೀರಪ್ಪ ಸಿಟ್ಟಿಗೇಳುತ್ತಿದ್ದ. ಆಮೇಲೆ ಅವನಿಗೂ ನಗು ಬರುತ್ತಿತ್ತು.

*

ಬಿಸಿಲು ಎದುರು ಚಾಳಿನ ಮಾಡಿಗೆ ಏರಿತ್ತು. ಶಂಕ್ರೆಪ್ಪ ಎದ್ದು, “ಸಾಕಿನ್ನ, ಎತ್ರಿ,” ಎಂದ. ಅಷ್ಟರಲ್ಲಿ ಪಡಿಯಾರರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಟ್ಟೆಯ ಚೀಲ.

“ಎಣಿಕೆ ಮುಗಿದ ಸಾಲಿನದು,” ಅಂದರು. “ಅವಳೇ ಚೀಲ ಕಟ್ಟಿದ ತೆನೆಗಳ ಕಾಳು.”

ಮಲ್ಲವ್ವ ಮೊರಕ್ಕೆ ಸುರಿದಳು. ಬಿಳಿ, ಕೆಂಪು, ದಪ್ಪ, ಮುರುಟಿದ್ದು, ಎಲ್ಲ ಒಟ್ಟಿಗೆ.

“ಅಯ್ಯ, ಏನ್ರೀ ಇದು, ಬರೇ ಜೊಳ್ಳ! ತಡೀರಿ, ಹಸನ ಮಾಡ್ತೀನಿ.” ಕೇರಲು ಮೊರ ಎತ್ತಿದಳು.

“ಬ್ಯಾಡ,” ಎಂದ ಅಣವೀರಪ್ಪ.

“ಜೊಳ್ಳು ಉಡಿ ತುಂಬಿದ್ರ ಮಂದಿ ಏನಂದಾರು?” ಶಂಕ್ರೆಪ್ಪ ಕೇಳಿದ.

“ಆಕಿ ಹೊಲದ ಬೆಳಿ. ಹ್ಯಾಂಗದ ಹಂಗ ಹಾಕ್ರಿ.”

ಮಲ್ಲವ್ವ ಬೊಗಸೆ ಬೊಗಸೆಯಾಗಿ ಉಡಿ ತುಂಬಿದಳು. ಮುರುಟಿದ ಕಾಳೊಂದು ಸೆರಗಿನಿಂದ ಜಾರಿ ನೆಲಕ್ಕೆ ಬಿತ್ತು. ಅಣವೀರಪ್ಪ ಬಗ್ಗುವ ಮೊದಲೇ ಸಾಹೇಬರು ಮೊಣಕಾಲೂರಿ ಅದನ್ನು ಹೆಕ್ಕಿದರು, ಧೂಳು ಊದಿದರು, ಉಡಿಯೊಳಗಿಟ್ಟರು.