ದುರುಗಣ್ಣನ ಗುಳಿಗಿ, ನನ್ನ ಎಮ್ಮಿ ಹಾಲು

ನಮ್ಮೂರು ಇಟ್ಟಿಗಿಯಾಗ ಅರ್ಧ ಊರಿನ ಗಡ್ಡ ಕೆರಿಯೋದು ದುರುಗಣ್ಣನ ಕೈಯಾಗಿತ್ತು. ಅಂಥ ಕೈಗೆ ಎಂಬತ್ತೊಂದನೇ ಇಸ್ವಿಯಾಗ ನಡುಕ ಬಂತು. ಗಾಳಿಗೆ ಜ್ವಾಳದ ಗರಿ ಆಡಿದಂಗ ಆಡೋದು. ಮಂದಿ ಗಡ್ಡ ಬಿಟ್ಟರು.

"ಊರ ತುಂಬ ಸ್ವಾಮಿಗಳಾಗ್ಯಾರ!" ಅಂತ ಅವನ ಹೆಂಡತಿ ಚೌಡಕ್ಕ ನಗಾಕಿ. ನಕ್ಕು, ಒಳಗ ಹೋಗಿ ಕಣ್ಣು ಒರಸಿಕೊಳ್ಳಾಕಿ.

ಬಳ್ಳಾರಿ ಡಾಕ್ಟರು, ಇದು ಮಿದುಳಿನ ಬ್ಯಾನಿ ಅಂದು ಗುಳಿಗಿ ಕೊಟ್ಟರು. ಇಂಗ್ಲಿಷ್ ಗುಳಿಗಿ ಉಷ್ಣ ಅನ್ನೋದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಅದಕ್ಕ ನಾನು ದಿನಾ ಬೆಳಿಗ್ಗೆ ಎಮ್ಮಿ ಹಿಂಡಿ, ಒಂದು ಚೊಂಬು ಹಾಲು ಒಯ್ದು, ಮುಂದ ನಿಂತು ಗುಳಿಗಿ ನುಂಗಿಸ್ತಿದ್ದೆ. ಆಮ್ಯಾಲೆ ಚೌಡಕ್ಕ ರೊಟ್ಟಿಗೆ ಗಟ್ಟಿ ಮೊಸರು, ಶೇಂಗಾ ಚಟ್ನಿ ಹಾಕಾಕಿ. ಕೈ ನಿಲ್ಲಲಿಲ್ಲ. ಎರಡು ಚೊಂಬು ಮಾಡಿದೆ. ನಡುಕ ಜೋರಾತು.

"ಓಬಣ್ಣ, ಅಮಾಸಿತನ ನೋಡ್ತೀನಿ. ಆಮ್ಯಾಲೆ ಈ ಕತ್ತಿ ಪೆಟ್ಟಿಗಿ ಹೊಳಿಗೆ ಬಿಡ್ತೀನಿ," ಅಂದ ನನಗ ದುರುಗಣ್ಣ.

ಮೂವರೂ ಮತ್ತ ಬಳ್ಳಾರಿಗೆ ಹೋದ್ವಿ.

"ಗುಳಿಗಿ ಹೆಂಗ ತಗಂತಿ?"

"ಹಾಲಿನಾಗರಿ."

ಡಾಕ್ಟರು ಹಣಿ ಹಿಡ್ಕಂಡರು. "ಹಾಲು, ಮೊಸರು, ಬ್ಯಾಳಿ, ಶೇಂಗಾ ಮೊದಲು ನುಗ್ತಾವ. ಗುಳಿಗಿ ಬಾಗಿಲಾಗ ನಿಲ್ತೈತಿ, ತಲಿತನ ಹೋಗಂಗಿಲ್ಲ. ಯಾವ ಪುಣ್ಯಾತ್ಮ ಹಾಲು ಕುಡಿಯಂದ?"

ಗಂಡ ಹೆಂಡತಿ ಇಬ್ಬರೂ ನನ್ನ ಕಡೆ ನೋಡಿದ್ರು. ನಾನು ಗ್ವಾಡಿ ಕ್ಯಾಲೆಂಡರ್ ಓದಾಕ ಹತ್ತಿದೆ. ಆಗಿನ್ನೂ ನನಗ ಓದು ಬರ್ತಿದ್ದಿಲ್ಲ.

"ಬೆಳಿಗ್ಗೆ ಬರೀ ನೀರಿನಾಗ ಗುಳಿಗಿ. ತಾಸು ಬಿಟ್ಟು ನವಣಿ ಗಂಜಿ, ಹಣ್ಣು. ಹಾಲು, ಬ್ಯಾಳಿ ಬಿಡಬ್ಯಾಡ, ರಾತ್ರಿಗೆ ಇಟ್ಗ."

"ರಾತ್ರಿ ಕೈ ನಡುಗಿದ್ರ?"

"ರಾತ್ರಿ ಯಾರ ಗಡ್ಡ ಕೆರಿತಿಯೋ?"

ಅಮಾಸಿ ಹಿಂದಿನ ದಿನ ದುರುಗಣ್ಣ ಬರೀ ನೀರಿನಾಗ ಗುಳಿಗಿ ನುಂಗಿ, ಬೇವಿನಗಿಡದ ಬುಡಕ ಪೆಟ್ಟಿಗಿ ಬಿಚ್ಚಿ ಕುಂತ. ಗಡ್ಡದ ಮಂದಿ ಸುತ್ತ ನಿಂತರು. ಗದ್ದ ಯಾರೂ ಕೊಡಲಿಲ್ಲ. ಹಾಲು ಕುಡಿಸಿದವ ನಾನು. ನಾನೇ ಹೋಗಿ ಕುಂತೆ.

"ಹೆದರಿಕಿ ಐತೇನಲೇ?"

"ಐತಿ."

"ನನಗೂ ಐತಿ. ಕಣ್ಣು ಮುಚ್ಚಿಗ."

"ನೀನು ಮುಚ್ಚಬ್ಯಾಡ ಮತ್ತ!"

ಕತ್ತಿ ಗಂಟಲ ಗಂಟಿಗೆ ಬಂದಾಗ ಎಂಜಲು ನುಂಗೋದು ಬಿಟ್ಟೆ. ಕತ್ತಿ ನೆಟ್ಟಗ ಇಳೀತು. ಗದ್ದದ ಮ್ಯಾಲೆ ಒಂದು ಗೀರೂ ಬೀಳಲಿಲ್ಲ.

ಚೌಡಕ್ಕ ನಕ್ಕಳು. ಈ ಸಲ ಒಳಗ ಹೋಗಲಿಲ್ಲ, ಅಲ್ಲೇ ನಿಂತು ಮಂದೀನ ಕರದಳು.

"ಬರ್ರೆಪ್ಪ ಸ್ವಾಮಿಗಳು! ಲಗೂ ಬರ್ರಿ, ಹೊತ್ತೇರಿದ್ರ ಗುಳಿಗಿ ಕಸುವು ಇಳೀತೈತಿ!"