ಫಾರಿನ್ ಕೂಗು

ಹೇಮಾವತಿಗೆ ಬಾಯಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳ ಕೂಗು ಮೂರು ಊರಿಗೆ ಕೇಳುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಯಾರಿಗೂ ತೊಡಕಾಗಿರಲಿಲ್ಲ.

ಎಂಟನೆಯ ತರಗತಿಯಲ್ಲಿ ಮೇಷ್ಟ್ರು "ಎದ್ದು ನಿಂತು ಪಾಠ ಓದು" ಎಂದಾಗ ಅವಳ ಗಂಟಲಿನಿಂದ ದನಿಯೇ ಹೊರಟಿರಲಿಲ್ಲ. ಮೂರು ದಿನ ನಿಂತಳು, ನಾಲ್ಕನೆಯ ದಿನ ಶಾಲೆಗೆ ಹೋಗಲಿಲ್ಲ. ಆಮೇಲೆ ಸಾವ್ಕಾರ ಶಂಭುಲಿಂಗಪ್ಪನ ಹೊಲ ಕಾಯುವ ಕೆಲಸಕ್ಕೆ ಸೇರಿದಳು. ದರೋಜಿ ಗುಡ್ಡದ ಬುಡಕ್ಕೇ ಆ ಹೊಲ. ಮೆಕ್ಕೆಜೋಳ ತೆನೆಗಟ್ಟಿತೆಂದರೆ ಹೊತ್ತು ಇಳಿಯುವ ವೇಳೆಗೆ ಬಂಡೆಗಳ ಸಂದಿನಿಂದ ಕರಡಿಗಳು ಇಳಿದು ಬರುತ್ತಿದ್ದವು. ನಾಲ್ಕು ಕಂಬ ನೆಟ್ಟು ಹಲಗೆ ಹಾಸಿದ ಮಂಚಿಕೆಯ ಮೇಲೆ ಹೇಮಾವತಿ ಕೂತಿರುತ್ತಿದ್ದಳು.

ಅಲ್ಲಿ ಕೂತರೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಯಾವ ಪೊದೆಯಿಂದ ಕವುಜುಗ ಹಾರಿತು, ನವಿಲು ಯಾಕೆ ಸುಮ್ಮನಾಯಿತು, ಗಾಳಿಯಿಲ್ಲದೆ ಯಾವ ಸಾಲು ಅಲುಗಿತು ಎಂದು ನೋಡುತ್ತಿದ್ದಳು. ಕರಡಿ ಮುಂಗಾಲನ್ನು ಬದುವಿನೊಳಗೆ ಇಡುವವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದಳು. ಇಟ್ಟ ಮರುಗಳಿಗೆಯೇ ಕೂಗು. ಅದು ಎಂಥ ಕೂಗೆಂದರೆ, ಕರಡಿ ತಾನು ಬಂದ ದಾರಿಯನ್ನೂ ಮರೆತು ಓಡುತ್ತಿತ್ತು. ಸಂಜೆಗೆ ಒಂದು ಸಲ ಕೂಗಿದರೆ ಸಾಕು, ಹೆಚ್ಚೆಂದರೆ ಎರಡು. ಮಂಚಿಕೆ ಇಳಿದಳೆಂದರೆ ಮತ್ತೆ ಬಾಯಿಲ್ಲದ ಹುಡುಗಿ.

ಸಾವ್ಕಾರನಿಗೆ ಕಂಡದ್ದು ಆ ಕೂಗು ಮಾತ್ರ. ಹೊಸಪೇಟೆಗೆ ಹೋದವನು ತಳ್ಳುಗಾಡಿಯವರು ಟೊಮ್ಯಾಟೊ ಮಾರಲು ಇಟ್ಟುಕೊಳ್ಳುವಂಥ ಮೈಕೊಂದನ್ನು ತಂದ.

"ಏ ಹೇಮಾ, ಇದರಾಗ ಕೂಗು. ತಾನ ತುಂಬಿಕೊಂತೈತಿ."

ಎದುರಿಗೆ ಕರಡಿಯಿಲ್ಲ, ಸಾವ್ಕಾರನಿದ್ದ. ಅವಳಿಗೆ ಕೂಗು ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಎಂಟನೆಯ ತರಗತಿಯ ಮೇಷ್ಟ್ರನ್ನು ನೆನೆದಳು. ಬಂತು. ಸಾವ್ಕಾರ ಎರಡು ಹೆಜ್ಜೆ ಹಿಂದೆ ಸರಿದ.

"ಶಾಬಾಷ್! ನಾಳಿಂದ ನೀ ಬರಬ್ಯಾಡವಾ. ನಿನ್ನ ಕೂಗು ಬರ್ತೈತಿ, ಸಾಕು."

ಮರುದಿನದಿಂದ ಎರಡು ನಿಮಿಷಕ್ಕೊಮ್ಮೆ ಹೊಲದಲ್ಲಿ ಹೇಮಾವತಿಯ ಕೂಗು, ಮನೆಯ ಕಟ್ಟೆಯ ಮೇಲೆ ಹೇಮಾವತಿ. ಅವ್ವ ಉಚ್ಚಂಗೆಮ್ಮ ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತ, "ಕುಂತಲ್ಲೆ ಹೊಲ ಕಾಯಾಕತ್ತಿ ನೋಡು, ನಿನ್ನ ಪುಣ್ಯ" ಎಂದಳು. ಹೇಮಾವತಿ ಗುಡ್ಡ ನೋಡುತ್ತ ಕೂತಳು. ಕಟ್ಟೆಯಿಂದ ಬಂಡೆ ಕಾಣುತ್ತಿತ್ತು, ಹೊಲ ಕಾಣುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಆ ಮಂಚಿಕೆಯೊಂದೇ. ಅದನ್ನು ಕೇಳಲು ಬಾಯಿ ಬೇಕಿತ್ತು.

ಆ ವಾರ ಕರಡಿ ನೋಡಲು ಬಂದಿದ್ದ ಪರದೇಶಿಯೊಬ್ಬ ದರೋಜಿ ಕರಡಿಧಾಮದ ಕಾವಲು ಗೋಪುರದ ಮೇಲಿಂದ ಮೈಕಿನ ಕೂಗನ್ನು ಕೇಳಿದ. ಕರಡಿ ಬಿಟ್ಟು ಕೂಗು ಹುಡುಕುತ್ತ ಊರೊಳಗೆ ಬಂದ. ಜೊತೆಗೆ ಹೊಸಪೇಟೆಯ ಗೈಡು ವೇದಾಂತ್. ಪರದೇಶಿಯ ಹೆಸರು ಐವಿಂದ್, ಊರು ನಾರ್ವೆ. ಉಚ್ಚಂಗೆಮ್ಮನ ಬಾಯಲ್ಲಿ ಅವನು ಒಂದೇ ಗಳಿಗೆಯಲ್ಲಿ ಅರವಿಂದನಾದ.

"ಇವ್ರು ಹಾಡೋರಮ್ಮ. ಬ್ಲ್ಯಾಕ್ ಮೆಟಲ್ ಅಂತ" ಎಂದ ವೇದಾಂತ್, ಫೋನಿನಲ್ಲಿ ತೋರಿಸಿದ.

ಉಚ್ಚಂಗೆಮ್ಮ ಇಣುಕಿದಳು. "ಹಾಡಾ? ಹೊಟ್ಟಿಬ್ಯಾನಿ ಬಂದಂಗ ಒದರಾಕತ್ತಾನಲ್ಲ. ಮಕಕ್ಕ ಸುಣ್ಣ ಯಾಕ ಬಳಕೊಂಡಾನ?"

"ಹೆಣ ಕಂಡಂಗ ಕಾಣ್ಲಿ ಅಂತ."

"ಕುಂದ್ರಂತ ಹೇಳಪ್ಪ, ಪಾಪ. ಉಂಡಾನೋ ಇಲ್ಲೋ."

ಐವಿಂದ್ ಜೋಳದ ರೊಟ್ಟಿ ಮುರಿಯುತ್ತ ತನ್ನ ಆಲ್ಬಮ್ಮಿನ ಕಥೆ ಹೇಳಿದ. ಅವನ ನಾಡಿನ ಹಳಬರು ಹೇಳುವಂತೆ, ಪ್ಲೇಗು ಬಂದ ಕಾಲದಲ್ಲಿ ಅದು ಮುದುಕಿಯ ರೂಪದಲ್ಲಿ ಊರೂರು ತಿರುಗಿತಂತೆ. ಅವಳ ಕೈಯಲ್ಲಿ ಹಲ್ಲಿನ ಕುಂಟೆಯಿದ್ದರೆ ಹಲ್ಲುಗಳ ಸಂದಿನಲ್ಲಿ ನಾಲ್ಕು ಜನ ಉಳಿದರು, ಕಸಬರಿಗೆಯಿದ್ದರೆ ಒಬ್ಬರೂ ಉಳಿಯಲಿಲ್ಲ. ಆಲ್ಬಮ್ಮಿನ ಹೆಸರೇ ಅವರ ಭಾಷೆಯಲ್ಲಿ ಕಸಬರಿಗೆ. ಆ ಮುದುಕಿಯ ಕೂಗಿಗಾಗಿ ನಾಲ್ಕು ದೇಶ ತಿರುಗಿದ್ದನಂತೆ, ಈ ಮೈಕಿನ ಕೂಗು ಕೇಳುವ ತನಕ ಸಿಕ್ಕಿರಲಿಲ್ಲವಂತೆ.

"ನಾವು ಕಸಬರಿಗಿ ಹಿಡದು ಜಡ್ಡನ್ನ ಊರಾಚಿ ಹೊಡೀತೀವಿ. ಇವರೂರಾಗ ಜಡ್ಡ ಕಸಬರಿಗಿ ಹಿಡಕೊಂಡು ಬರ್ತೈತಾ?" ಉಚ್ಚಂಗೆಮ್ಮ ಮಗಳ ಕಡೆ ತಿರುಗಿದಳು. "ಅಲ್ಲಲೇ, ನಿನ್ನ ದನಿ ಮುದುಕಿ ದನಿ ಅಂತಲ್ಲ."

ಹೇಮಾವತಿ ತಲೆ ತಗ್ಗಿಸಿದಳು. ಕೂಗುತ್ತೀಯಾ ಎಂದು ವೇದಾಂತ್ ಕೇಳಿದ್ದಕ್ಕೆ ಬೆರಳು ಎತ್ತಿ ಹೊಲದ ದಿಕ್ಕು ತೋರಿಸಿದಳು. ಮಂಚಿಕೆಯ ಮೇಲಾದರೆ ಮಾತ್ರ ಎಂಬುದು ಅದರ ಅರ್ಥ. ಸಾವ್ಕಾರ ಅಂದು ಕಂಪ್ಲಿಯ ಅಕ್ಕಿ ಮಿಲ್ಲಿಗೆ ಹೋಗಿದ್ದ. ವೇದಾಂತ್ ಮೈಕು ಬಂದ್ ಮಾಡಿದ. ಒಂದು ಸಂಜೆ ಅವಳಿಗೆ ಮಂಚಿಕೆ ಸಿಕ್ಕಿತು. ಐವಿಂದ್ ರೆಕಾರ್ಡರು ಹಿಡಿದು ಕೆಳಗೆ ಕೂತು ಮುಕ್ಕಾಲು ಗಂಟೆ ಕಾದ. ಕರಡಿ ಬಂತು, ಕೂಗಿದಳು. ಕರಡಿಯೂ ಓಡಿತು, ವೇದಾಂತನೂ ಓಡಿದ. ಐವಿಂದನ ಕಣ್ಣಲ್ಲಿ ನೀರಿತ್ತು.

ಹೆಸರು ಕೇಳಿದ. ಹೇಮಾವತಿ ಸೆರಗಿನ ತುದಿ ಸುತ್ತಿದಳು.

ಏದುಸಿರು ಬಿಡುತ್ತ ವಾಪಸು ಬಂದ ವೇದಾಂತ್, "ಆಕಿ ಮಾತಾಡೋದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಐವಿಂದ್ ಅದನ್ನು ಭಕ್ತಿಯಿಂದ ಬರೆದುಕೊಂಡ.

ಮರುವರ್ಷ ತೆನೆಗಟ್ಟುವ ಹೊತ್ತಿಗೆ ನಾರ್ವೆಯಿಂದ ಪಾರ್ಸೆಲ್ ಬಂತು. ಒಳಗೊಂದು ಗ್ರಾಮಫೋನಿನ ಕರಿ ತಟ್ಟೆ, ಒಂದು ಪೆನ್‌ಡ್ರೈವ್, ಒಂದು ಪುಸ್ತಿಕೆ. ತಟ್ಟೆಯನ್ನು ಉಚ್ಚಂಗೆಮ್ಮ ಮಜ್ಜಿಗೆ ಗಡಿಗೆಗೆ ಮುಚ್ಚಿದಳು. ನಡುವೆ ತೂತಿತ್ತು, ತೆಗೆದಳು. ಪುಸ್ತಿಕೆಯ ಫೋಟೋ ಕಳಿಸಿದ್ದಕ್ಕೆ ವೇದಾಂತ್ ಫೋನಿನಲ್ಲಿ ಅರ್ಥ ಹೇಳಿದ. "ಐದನೇ ಹಾಡಿನ ಕೂಗು, ಮಾತು ಬಾರದ ಕಾಡಿನ ಹೆಣ್ಣಿನದು, ಅಂತ ಹಾಕ್ಯಾರ."

"ಅಷ್ಟಕ್ಕ ಬಿಡು" ಎಂದಳು ಉಚ್ಚಂಗೆಮ್ಮ. "ಹೆಸರು ಹಾಕಿಲ್ಲಲ್ಲ, ಪುಣ್ಯ. ಹುಡುಗಿ ಒದರಿದ್ದು ಫಾರಿನ್ನಿಗೆ ಹೋಗೇತಿ ಅಂದ್ರ ಮದುವಿ ಮಾಡ್ಕೊಳ್ಳೋರು ಯಾರು? ಯಾರ ಮುಂದೂ ಬಾಯಿ ಬಿಡಬ್ಯಾಡ."

ಆ ಮಾತನ್ನು ಹೇಮಾವತಿಗೆ ಹೇಳುವ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಹೊಲದ ಕಥೆ ಕೆಟ್ಟಿತ್ತು. ಮೈಕಿನ ಕೂಗಿಗೆ ಕರಡಿಗಳು ಮನೆಯ ಗಡಿಯಾರಕ್ಕೆ ನಾವು ಒಗ್ಗಿದಂತೆ ಒಗ್ಗಿಹೋಗಿದ್ದವು. ಒಂದಂತೂ ಮೈಕು ಕಟ್ಟಿದ ಕಂಬಕ್ಕೇ ಬೆನ್ನು ತಿಕ್ಕುತ್ತಿತ್ತು. ಊರಲ್ಲಿ ಉಂಡುಹೋದ ಪರದೇಶಿ ಫಾರಿನ್ನಿನಿಂದ ಒದರುವ ಹಾಡು ಕಳಿಸಿದ್ದಾನೆ ಎಂದು ಕೇಳಿದ ಸಾವ್ಕಾರ ಉಚ್ಚಂಗೆಮ್ಮನ ಮನೆಗೆ ನಡೆದೇ ಬಂದ.

"ಇವಳ ಕೂಗು ಹಳೇದಾತು. ಊರ ಕೂಗಿಗೆ ಊರ ಕರಡಿ ಹೆದರ್ತೈತೇನು? ಕೊಡಿಲ್ಲಿ ಅದನ್ನ" ಎಂದು ಪೆನ್‌ಡ್ರೈವ್ ಒಯ್ದ. ಹೇಮಾವತಿ ಬಾಯಿ ತೆರೆದಳು. ಅವ್ವ ನೋಡಿದ್ದಕ್ಕೆ ಮತ್ತೆ ಮುಚ್ಚಿದಳು.

ನಾಲ್ಕು ಮೂಲೆಗೆ ನಾಲ್ಕು ಮೈಕು ಬಂದವು, ನಾಲ್ಕಕ್ಕೂ ಒಂದೇ ಗುಂಡಿ. ಮೊದಲ ಸಂಜೆ ಗಿಟಾರಿನ ಗದ್ದಲಕ್ಕೆ ಕರಡಿಗಳು ಗುಡ್ಡ ಹತ್ತಿದವು. ಸಾವ್ಕಾರ ಪೇಡೆ ಹಂಚಿದ. ಆದರೆ ಐವಿಂದ್ ಹಳೆಯ ಕಾಲದ ಮೇಲೆ ಪ್ರೀತಿಯಿದ್ದವನು. ಪ್ರತಿ ಹಾಡಿಗೂ ಮುಂಚೆ ಮೂರು ನಿಮಿಷ ಹಿಮಗಾಳಿಯ ಸದ್ದು, ಪಿಟೀಲಿನಂಥ ವಾದ್ಯದ ಅಳು. ನಾಲ್ಕು ದಿನಕ್ಕೆ ಕರಡಿಗಳಿಗೆ ಆಲ್ಬಮ್ ಬಾಯಿಪಾಠವಾಯಿತು. ಗಿಟಾರು ಬಂದರೆ ಬದುವಿನ ಮೇಲೆ ಹೋಗಿ ಕೂರುವುದು, ಪಿಟೀಲು ಬಂದರೆ ಇಳಿದು ತಿನ್ನುವುದು. ಊರಿನ ಎಮ್ಮೆಗಳಿಗೆ ಮಾತ್ರ ಬಾಯಿಪಾಠ ಬರಲಿಲ್ಲ, ಹಾಲು ಇಳಿಸುವುದನ್ನೇ ನಿಲ್ಲಿಸಿದವು.

"ಸಾವ್ಕಾರ್ರೀ, ಓಡಿಸೋದು ಕರಡೀನೋ ನಮ್ಮನ್ನೋ?" ಎಂದು ಪಕ್ಕದ ಹೊಲದ ರಾಮಾಂಜಿನಿ ಕೇಳಿದ.

"ನಿನಗೇನು ತಿಳೀತೈತಲೇ ಸಂಗೀತ" ಎಂದ ಸಾವ್ಕಾರ.

ಒಂದು ಸಂಜೆ ಹೇಮಾವತಿ ಹುಲ್ಲಿನ ಹೊರೆ ಹೊತ್ತು ಬದುವಿನ ದಾರಿಯಲ್ಲಿ ಬರುತ್ತಿದ್ದಳು. ಸಾವ್ಕಾರ ಹೊಲದ ನಡುವೆ ನಿಂತು ಉಳಿದ ತೆನೆ ಮುಟ್ಟಿ ನೋಡುತ್ತಿದ್ದ. ಮೈಕಿನಲ್ಲಿ ಐದನೆಯ ಹಾಡು ಮುಗಿಯುತ್ತಿತ್ತು. ಗಿಟಾರಿನ ಮೋಡದೊಳಗಿಂದ ಒಂದು ಕೂಗು ಸೀಳಿ ಬಂತು.

"ಕೇಳು ಹೇಮಾ, ಕೇಳು!" ಸಾವ್ಕಾರ ಕೈ ಎತ್ತಿದ. "ಇದು ಕೂಗು ಅಂದ್ರ! ಯಾವ ತಾಯಿ ಹಡದಾಳೋ ಆಕೀನ. ನಮ್ಮ ಕಡೆ ಹುಟ್ಟಬೇಕಂದ್ರ ಇನ್ನ ಏಳು ಜನ್ಮ. ವೇದಾಂತಗ ಹೇಳಿ ಆಕೀನ ಇಲ್ಲಿಗೆ ಕರಸ್ತೀನಿ, ಖರ್ಚು ಎಷ್ಟ ಆಗ್ಲಿ."

ಹೇಮಾವತಿ ನಿಂತಳು. ಆರನೆಯ ಹಾಡಿನ ಪಿಟೀಲು ಶುರುವಾಯಿತು. ಸಾವ್ಕಾರನ ಹಿಂದಿನ ಪೊದೆಯಿಂದ ಎರಡು ಕವುಜುಗ ಹಾರಿದವು. ಗಾಳಿಯಿರಲಿಲ್ಲ, ಆದರೂ ಮೂರನೆಯ ಸಾಲು ಅಲುಗಿತು. ಅವಳು ಹೊರೆಯನ್ನು ಮೆಲ್ಲಗೆ ಇಳಿಸಿದಳು.

"ಏನ ನೋಡಾಕತ್ತೀ?" ಎಂದ ಸಾವ್ಕಾರ.

ಕರಿ ಮೂತಿ ಸಾವ್ಕಾರನ ಪಂಚೆಯಿಂದ ನಾಲ್ಕು ಮಾರು ದೂರದಲ್ಲಿ ಹೊರಬಂತು. ಅವನು ತಿರುಗಿ ನೋಡಿ ಬಾಯಿ ತೆರೆದ. ಆ ಬಾಯಿಂದ ಏನೂ ಬರಲಿಲ್ಲ. ಎಂಟನೆಯ ತರಗತಿಯಲ್ಲಿ ನಿಂತವರಂತೆ ನಿಂತುಬಿಟ್ಟ. ಕರಡಿ ಹಿಂಗಾಲಿನ ಮೇಲೆ ಏಳಲು ಹೊರಟಿತು.

ಹೇಮಾವತಿ ಕೂಗಿದಳು.

ಕರಡಿ ಎರಡು ಸಾಲು ಮೆಕ್ಕೆಜೋಳ ಮುರಿದುಕೊಂಡು ಗುಡ್ಡದತ್ತ ಓಡಿತು. ಸಾವ್ಕಾರ ಕುಕ್ಕರಿಸಿದ. ಪಿಟೀಲು ತನ್ನ ಪಾಡಿಗೆ ಅಳುತ್ತಿತ್ತು. ಅವನು ಮೈಕಿನ ಕಂಬ ನೋಡಿದ, ಹೇಮಾವತಿಯನ್ನು ನೋಡಿದ.

"ಆ ಹಾಡಿನ ಕೂಗು..."

"ನಂದ್ರಿ."

"ಮತ್ತ ಹೇಳಬಾರದೇನ ಇಷ್ಟು ದಿನ!"

ಹೇಮಾವತಿ ಮೊದಲು ಮೈಕಿನ ಗುಂಡಿ ಒತ್ತಿ ಬಂದ್ ಮಾಡಿದಳು. ಊರು ಸುಮ್ಮನಾಯಿತು. ಆ ನಿಶ್ಶಬ್ದದೊಳಗೆ ಅವಳ ದನಿ ಸಣ್ಣದಾಗಿ, ಆದರೆ ನಡುಗದೆ ಬಂತು.

"ಕೂಗೂದು ಕೆಲಸ ಅಲ್ರಿ ಸಾವ್ಕಾರ್ರ. ಅಲ್ಲೀತನ ಸುಮ್ನ ಕುಂದ್ರೂದು ಕೆಲಸ. ಅದು ಮೈಕಿಗೆ ಬರೂದಿಲ್ಲ. ಮಂಚಿಕಿ ನನಗ ಕೊಡ್ರಿ."

ಕೊಟ್ಟ. ಕೊಟ್ಟಮೇಲೆ ಅವನ ಹೆಮ್ಮೆಗೆ ಮಿತಿಯಿರಲಿಲ್ಲ. ಫಾರಿನ್ ಆಲ್ಬಮ್ಮಿನವಳನ್ನೇ ತಂದು ತನ್ನ ಹೊಲಕ್ಕೆ ಇಟ್ಟುಕೊಂಡಿದ್ದೇನೆಂದು ಕಂಪ್ಲಿಯ ತನಕ ಹೇಳಿಕೊಂಡು ಬಂದ. ಆ ಸುದ್ದಿಗೆ ಹೆಣ್ಣು ಕೇಳಿಕೊಂಡು ಬಂದವರು ಇಬ್ಬರು, ಉಚ್ಚಂಗೆಮ್ಮನೇ ಗಾಬರಿಯಾದಳು. ಮುಂದಿನ ಭಾನುವಾರ ಕಂಪ್ಲಿಯ ಮಿಲ್ಲಿನ ಮಾಲೀಕರು, ಸಾವ್ಕಾರನ ಬೀಗರಾದ ಮರುಳಸಿದ್ದಪ್ಪ, ಕೂಗು ಕೇಳಲೆಂದೇ ಕಾರು ಮಾಡಿಕೊಂಡು ಬಂದರು. ಮಂಚಿಕೆಯ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದಾಯಿತು. ಚಹಾ ಆಯಿತು. ಹೇಮಾವತಿ ಮೇಲೆ ಕೂತು ಮೂರನೆಯ ಸಾಲಿನಾಚೆಗೆ ನೋಡುತ್ತಿದ್ದಳು.

ಅರ್ಧ ಗಂಟೆ ಕಳೆಯಿತು.

"ಏನ್ರೀ ಶಂಭುಲಿಂಗಪ್ಪನೋರ, ಆಕಿ ಏನೂ ಮಾಡವಲ್ಲಳು?" ಎಂದರು ಮರುಳಸಿದ್ದಪ್ಪ.

ಸಾವ್ಕಾರ ಬೆರಳನ್ನು ತುಟಿಯ ಮೇಲಿಟ್ಟ. "ಶ್! ಸುಮ್ನಿರ್ರಿ. ಕೆಲಸ ಮಾಡಾಕತ್ಯಾಳ."