ನಾಲ್ಕನೆಯ ಹೆಗಲು

“ತಡೀರಿ, ತಡೀರಿ, ವಾಲ್ತಾ ಇದೆ!” ಎಂದು ಇಮಾಮರು ಕೂಗಿದರು. ಅರ್ಧ ಎತ್ತಿದ್ದ ಶವದ ಡೋಲಿಯನ್ನು ಮತ್ತೆ ಅಂಗಳದಲ್ಲಿ ಇಳಿಸಬೇಕಾಯಿತು. ಹೊರಲು ಇದ್ದವರು ಇಮಾಮರು, ತೀರಿಕೊಂಡವನ ಹೆಂಡತಿ ತುಮಿನಿಯ ತಮ್ಮ, ಅವಳ ಅಳಿಯ, ಅಷ್ಟೆ. ನಾಲ್ಕನೆಯ ಮೂಲೆಗೆ ಹೆಗಲಿರಲಿಲ್ಲ.

ಬೇಲಿಯಾಚೆ ಊರಿನ ಗಂಡಸರು ಗುಂಪಾಗಿ ನಿಂತಿದ್ದರು. ಒಬ್ಬನೂ ಒಳಗೆ ಕಾಲಿಡಲಿಲ್ಲ.

“ಅಕ್ಕಾ, ನಾನೇ ಹೋಗಿ ಕರೀಲಾ?” ಎಂದ ತಮ್ಮ.

“ಬೇಡ. ಗೋಗರೆದು ತಂದ ಹೆಗಲು ನಿಮ್ಮ ಭಾವಂಗೆ ಹಿಡಿಸಲ್ಲ.” ಹಾಗೆಂದಳೇ ಹೊರತು ತುಮಿನಿಯ ಕಣ್ಣು ಬೇಲಿಯತ್ತಲೇ ಇತ್ತು. ಗಂಡ ಪರ್ಜೊನೊ ಊರಿಗೂ ಬೇಡವಾಗಿ, ಗಣಿಯವರಿಗೂ ಬೇಡವಾಗಿ ಹೋಗುತ್ತಾನೆಂದು ಅವಳು ವರ್ಷಗಳಿಂದ ಹೆದರಿದ್ದಳು.

*

ಕೆಲವು ವರ್ಷಗಳ ಹಿಂದೆ ಕಲ್ಲಿದ್ದಲಿನ ಗಣಿ ಕಾಲಿಮಂತಾನ್ ದ್ವೀಪದ ಆ ಊರಿನ ಗೋರಿಗುಡ್ಡದ ಬುಡಕ್ಕೇ ಬಂದಿತ್ತು. ಗುಡ್ಡ ಅಗೆಯುತ್ತಾರೆಂದು ತಿಳಿದದ್ದೇ ಊರಿನ ರೈತ ಹೆಂಗಸು ಲಾಸ್ಮಿ ಉಳಿದ ಹೆಂಗಸರನ್ನು ಕಟ್ಟಿಕೊಂಡು, ಲಾರಿ ದಾರಿಗೆ ಅಡ್ಡವಾಗಿ ಚಾಪೆ ಹಾಸಿ ಕುಳಿತಳು. ಸಾಲಿನಲ್ಲಿ ಮೊದಲ ಲಾರಿ ಕಾರ್ಮಿಕ ಸಂಘದ ಮುಖಂಡ ಪರ್ಜೊನೊನದು.

“ಹತ್ಸೋ ನೋಡಾಣ!” ಲಾಸ್ಮಿ ಅಬ್ಬರಿಸಿದಳು. “ಇಷ್ಟು ವರ್ಷ ನಮ್ ಗದ್ದೆಗೆ ಮಸಿ ಬಳಿದೆ, ಈಗ ನಮ್ಮಪ್ಪನ ಮೂಳೆ ಮೇಲೂ ಓಡ್ಸು!”

ಪರ್ಜೊನೊ ಎಂಜಿನ್ ಆರಿಸಿ ಕೆಳಗಿಳಿದ. “ಚಾಪೇಲಿ ಒಂಚೂರು ಜಾಗ ಬಿಡಕ್ಕ. ನೆಲ ಸುಡ್ತದೆ.”

ಹಿಂದಿನ ಲಾರಿಗಳು ಒಂದೊಂದಾಗಿ ಸುಮ್ಮನಾದವು.

ಸಂಘದ ಸಭೆಯಲ್ಲಿ ಅವನು ಹೇಳಿದ್ದಿಷ್ಟೇ: “ಆ ಗುಡ್ಡ ಸಡಿಲ. ಅಗೆದ್ರೆ ಮೊದ್ಲು ಕುಸಿಯೋದು ನಮ್ಮ ತಲೆ ಮೇಲೆ. ಊರೋರು ಗೋರಿ ಉಳಿಸ್ಕೊಳ್ಳಲಿ, ನಾವು ಗೋರಿ ಸೇರದಂಗೆ ಉಳ್ಕೊಳ್ಳಾಣ.”

ಸಂಘ ಹೂಡಿದ ಮುಷ್ಕರಕ್ಕೆ ಮಣಿದು ಕಂಪನಿ ಗುಡ್ಡದ ಆಸೆ ಬಿಟ್ಟಿತು. ಆದರೆ ಸೇಡಿಗೆ, ಮುಖಂಡನನ್ನು ಮುಟ್ಟಲು ಹೆದರಿ, ಕೆಲವು ಚಾಲಕರನ್ನು ಕೆಲಸದಿಂದ ತೆಗೆಯಿತು. ಪರ್ಜೊನೊನ ಜೀವದ ಗೆಳೆಯ ಸಮಿಜಾನ್ ಅವರಲ್ಲೊಬ್ಬ. ಅವನು ದೂರದ ಇನ್ನೊಂದು ಗಣಿ ಸೇರಿ, ಕೆಲಸ ಹೋದದ್ದು ಪರ್ಜೊನೊನಿಂದಲೇ ಎಂದು ಮಾತು ಬಿಟ್ಟ. ಪರ್ಜೊನೊ ಮತ್ತೆ ಅದೇ ಲಾರಿ ಹತ್ತಿದ್ದನ್ನು ಕಂಡ ಊರವರು, ಕಂಪನಿಯ ಕಾಸು ತಿಂದವನೆಂದು ಆಡಿಕೊಂಡರು.

“ಎರಡೂ ಕಡೆಗೂ ಬೇಡದ ಅಳಿಯ ಆಗ್ಬಿಟ್ಟೆ ಕಣೆ,” ಎಂದು ಅವನು ನಗುತ್ತಿದ್ದ. ಆ ನಗುವಿನ ಹಿಂದೆ ಅವನು ಎಷ್ಟು ಸೊರಗಿದನೆಂಬುದು ತುಮಿನಿಗೊಬ್ಬಳಿಗೇ ಗೊತ್ತು.

*

ಗಣಿಯ ಬಸ್ಸು ಬಂದು ಬೇಲಿಯ ಹತ್ತಿರ ನಿಂತಿತು. ಕೆಲಸದ ಬಟ್ಟೆಯಲ್ಲೇ, ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ಜನ ಇಳಿದರು. ಅವರೆಲ್ಲರ ಮುಂದೆ, ದೂರದ ಗಣಿಯಿಂದ ಬಂದು ಅವರ ಜೊತೆ ಸೇರಿದ್ದ ಸಮಿಜಾನ್. ಅವನು ಯಾರ ಮುಖವನ್ನೂ ನೋಡದೆ ನೇರವಾಗಿ ಬಂದು ನಾಲ್ಕನೆಯ ಮೂಲೆ ಹಿಡಿದ.

“ಕೋಪ ಎಂದೋ ಇಳಿದಿತ್ತು ಅತ್ತಿಗೆ,” ಎಂದ. “ಆಮೇಲೆ ಬರೋಕೆ ನಾಚ್ಕೆ.”

“ಅವರದ್ದೂ ಅದೇ ಕತೆ. ನಿಮ್ಮೂರ ಬಸ್ಸು ಹತ್ತಿ, ಅರ್ಧ ದಾರೀಲಿ ಇಳಿದು ವಾಪಸ್ ಬರೋರು.”

ಸಮಿಜಾನ್ ಡೋಲಿಯ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಅಷ್ಟರಲ್ಲಿ ಅನ್ನದ ಬುಟ್ಟಿ ಹೊತ್ತು ಬಂದ ಲಾಸ್ಮಿ ಬೇಲಿಯ ಬಳಿ ನಿಂತಳು. “ಏನ್ರೋ, ಬೇಲಿ ಕಾಯಕ್ಕೆ ಬಂದ್ರಾ? ನಿಮ್ಮಪ್ಪಂದಿರು ಯಾರ್ ದೆಸೆಯಿಂದ ಇನ್ನೂ ನೆಮ್ಮದಿಯಾಗಿ ಮಲಗವ್ರೆ?”

“ಇಲ್ಲದ್ದೆಲ್ಲ ಆಡಿದ್ವಲ್ಲಕ್ಕ,” ಒಬ್ಬ ತಲೆ ತಗ್ಗಿಸಿದ. “ಮುಖ ಹೆಂಗೆ ತೋರ್ಸೋದು?”

“ನಿನ್ ಮುಖ ಯಾರಿಗ್ಬೇಕೋ? ಹೆಗಲು ಕೊಡು!”

ಆಮೇಲೆ ಅಂಗಳದಲ್ಲಿ ನೂಕುನುಗ್ಗಲು. “ನೀ ಕುಳ್ಳ, ಬಿಡಯ್ಯ, ಡೋಲಿ ವಾಲ್ತದೆ!” “ನೀನು ಮರದುದ್ದ ಬೆಳೆದಿದ್ದು ನನ್ ತಪ್ಪಾ?” ಇಮಾಮರು ಎಲ್ಲರನ್ನೂ ಗದರಿದರು. ತುಮಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

ಗುಡ್ಡದ ಮೇಲೆ ಮಣ್ಣು ಮುಚ್ಚಿ ಪ್ರಾರ್ಥನೆ ಮುಗಿಯಿತು. ವಾಡಿಕೆಯಂತೆ ಗೋರಿಗೆ ನೀರೆರೆಯುವಾಗ ತಂದಿದ್ದ ಹೂಜಿ ಅರ್ಧಕ್ಕೇ ಬರಿದಾಯಿತು. ಕೆಳಗೆ ಬುಡದಲ್ಲಿ ಒರತೆಯಿತ್ತು, ಆದರೆ ಯಾರ ಬಳಿಯೂ ಬಿಂದಿಗೆ ಇರಲಿಲ್ಲ. ಸಮಿಜಾನ್ ಕೆಳಗಿಳಿದು ತನ್ನ ಹೆಲ್ಮೆಟ್ಟನ್ನು ಒರತೆಯಲ್ಲಿ ಮುಳುಗಿಸಿ ಪಕ್ಕದ ಹೆಂಗಸಿನ ಕೈಗಿಟ್ಟ. ಅವಳು ಮುಂದಿನವನಿಗೆ ಕೊಟ್ಟಳು. ನೋಡನೋಡುತ್ತಿದ್ದಂತೆ ಗಣಿಯವರೂ ಊರವರೂ ಬೆರೆತು ಗುಡ್ಡದುದ್ದಕ್ಕೂ ಸಾಲುಗಟ್ಟಿದರು. ಹಳದಿ ಹೆಲ್ಮೆಟ್ಟುಗಳು ತುಳುಕುತ್ತ, ಕೈಯಿಂದ ಕೈಗೆ ಮೇಲೇರಿ ಬರುತ್ತಿದ್ದವು.